ರಟ್ಟಿನ ಪುಟ್ಟಸ್ವಾಮಿ ಬಿಚ್ಚಿ ಹೊಲಿದ ಕಾದಂಬರಿ

ಪುಟ್ಟಸ್ವಾಮಿಯವರು ಯಾವ ಪುಸ್ತಕವನ್ನೂ ಪೂರ್ತಿ ಓದುತ್ತಿರಲಿಲ್ಲ. ಪುಟದ ಕೊನೆಯ ಸಾಲು ಓದುವರು, ಹಾಳೆ ತಿರುವಿ ಮುಂದಿನ ಪುಟದ ಮೊದಲ ಸಾಲು ಓದುವರು. ಎರಡೂ ಕೂಡಿಕೊಂಡರೆ ತಲೆಯಾಡಿಸಿ ಮುಂದಿನ ಹಾಳೆಗೆ ಹೋಗುವರು. ನಡುವೆ ಇದ್ದ ಸಾಲುಗಳು ಅವರ ಪಾಲಿಗೆ ಇರಲೇ ಇಲ್ಲ. ಪುಸ್ತಕ ಕಟ್ಟುವುದು ಅವರ ಕಸುಬು. ಹಾಳೆ ಹಿಂದುಮುಂದಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅಷ್ಟು ಓದಿದರೆ ಸಾಕಿತ್ತು. ಆದರೆ ಹಾಗೆ ಓದಿಯೇ ನೂರಾರು ಪುಸ್ತಕಗಳ ಬಗ್ಗೆ ಅವರಿಗೊಂದು ಅಭಿಪ್ರಾಯ ಬೆಳೆದಿತ್ತು.

"ಇದ್ರಲ್ಲಿ ಅಳೋದು ಜಾಸ್ತಿ ಕಣಪ್ಪ. ಯಾವ ಆಳೆ ತಿರುವುದ್ರೂ ಒಬ್ಬಳು ಕಣ್ಣು ಒರಸ್ಕತಾವ್ಳೆ" ಎನ್ನುವರು ಒಂದು ಪುಸ್ತಕವನ್ನು ನನ್ನ ಕೈಗಿಡುತ್ತ. ಇನ್ನೊಂದನ್ನು ತೋರಿಸಿ, "ಇದು ವೇದಾಂತ. ಯಾವ ಪುಟದಾಗೂ ಮಾತು ಮುಗಿಯಾಕಿಲ್ಲ" ಎನ್ನುವರು.

ಮೂವತ್ತರ ದಶಕದ ನಡುವಿನ ವರ್ಷಗಳು. ಮಂಡ್ಯದ ಗದ್ದೆಗಳಿಗೆ ನಾಲೆಯ ನೀರು ಬಂದಿತ್ತು, ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆಯಾಡುತ್ತಿತ್ತು. ಇಂಟರ್‌ಮೀಡಿಯೆಟ್‌ನಲ್ಲಿ ಫೇಲಾಗಿ ಬಂದ ನನಗೆ ಮದ್ದೂರಿನ ವಾಚನಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ನಮ್ಮ ತಂದೆ ಶಾಲಾ ಮೇಷ್ಟ್ರು, ವಾಚನಾಲಯದ ಕಾರ್ಯದರ್ಶಿಗಳು ವಕೀಲರು. ಒಬ್ಬರು ಹೇಳಿದರು, ಇನ್ನೊಬ್ಬರು ಒಪ್ಪಿದರು. ಹರಿದ ಪುಸ್ತಕಗಳನ್ನು ರಟ್ಟು ಹಾಕಿಸಲು ಸ್ಟೇಷನ್ ರಸ್ತೆಯಲ್ಲಿದ್ದ ಪುಟ್ಟಸ್ವಾಮಿಯವರ ಅಂಗಡಿಗೆ ಕೊಂಡೊಯ್ಯುವುದು ನನ್ನ ಕೆಲಸಗಳಲ್ಲಿ ಒಂದು.

ಅಂಗಡಿಯೂ ಮನೆಯೂ ಒಂದೇ. ಮುಂದಿನ ಅಂಕಣದಲ್ಲಿ ಅವರು ಕೂರುವರು. ಒಳಬಾಗಿಲಿಗೆ ಒರಗಿ ಅವರ ಹೆಂಡತಿ ನಿಂಗಮ್ಮ ಕೂರುವರು. ಹೊಲಿಗೆಯೆಲ್ಲ ನಿಂಗಮ್ಮನವರದು. ದಾರಕ್ಕೆ ಮೇಣ ಸವರಿ, ಸೂಜಿ ಪೋಣಿಸಿ, ಹಾಳೆಗಳ ಕಟ್ಟಿಗೆ ಹಾಕುತ್ತಿದ್ದ ಅವರ ಹೊಲಿಗೆ ಬಿಚ್ಚಿಕೊಂಡದ್ದನ್ನು ನಾನು ಕಂಡಿಲ್ಲ. ಅಂಟು ಕಾಯಿಸುವುದೂ ಅವರೇ. ಹುಳು ಹಿಡಿಯದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರಿಂದ ಅವರ ಬೆರಳ ತುದಿಗಳು ಸದಾ ತಿಳಿನೀಲಿ. ಅವರಿಗೆ ಓದು ಬಾರದು. ಪುಟ್ಟಸ್ವಾಮಿಯವರಿಗೋ ಬಾಯಿಬಿಟ್ಟು ಓದದಿದ್ದರೆ ಓದಿದಂತಾಗುತ್ತಿರಲಿಲ್ಲ. ಹೀಗಾಗಿ ಅವರು ಓದಿದ ಕೊನೆಯ ಸಾಲು, ಮೊದಲ ಸಾಲು ಎಲ್ಲವೂ ನಿಂಗಮ್ಮನವರ ಕಿವಿಗೂ ಬೀಳುತ್ತಿತ್ತು.

ಪುಟ್ಟಸ್ವಾಮಿಯವರ ಪದ್ಧತಿಯ ಬೆಲೆ ನನಗೆ ತಿಳಿದದ್ದು ಒಂದು ಮಧ್ಯಾಹ್ನ. ನಿಡಘಟ್ಟದ ಕಡೆಯ ಒಂದು ಹಳ್ಳಿಯ ಶ್ಯಾನುಭೋಗರು ಜಮೀನಿನ ರಿಜಿಸ್ಟರೊಂದನ್ನು ಕಟ್ಟಲು ಕೊಟ್ಟು ಹೋಗಿದ್ದರು. ಅದನ್ನು ತೆಗೆದುಕೊಂಡು ಹೋಗಲು ಬಂದಾಗ ನಾನೂ ಅಲ್ಲಿದ್ದೆ. ಪುಟ್ಟಸ್ವಾಮಿಯವರು ರಿಜಿಸ್ಟರನ್ನು ಹುರಿಯಲ್ಲಿ ಕಟ್ಟಿ, ಹೊಲಿಯದೆ ಹಾಗೇ ಇಟ್ಟಿದ್ದರು.

"ಯಾಕಯ್ಯ, ಇನ್ನೂ ಆಗಿಲ್ವ?"

"ಇಲ್ಲ ಸ್ವಾಮಿ. ನಡುವೆ ಒಂದು ಆಳೆ ಈ ಮನೇದಲ್ಲ."

"ಏನು ಹಾಗಂದ್ರೆ?"

"ಇಂದ್ಲ ಪುಟ 'ಪೂರ್ವಕ್ಕೆ ಕೆರೆ ಕೋಡಿ, ಪಶ್ಚಿಮಕ್ಕೆ' ಅಂತ ನಿಂತದೆ. ಮುಂದ್ಲ ಪುಟ ಬೇರೇರ ಎಸರಿಂದ ಸುರುವಾಯ್ತದೆ. ಪಶ್ಚಿಮಕ್ಕೆ ಏನಿತ್ತು ಸ್ವಾಮಿ?"

ಶ್ಯಾನುಭೋಗರ ಮುಖ ಕೆಂಪಾಯಿತು. "ನಿನಗೆ ಹೊಲಿಯೋಕೆ ಕೊಟ್ಟದ್ದು, ಓದೋಕಲ್ಲ" ಎಂದರು.

"ನಾನೆಲ್ಲಿ ಓದ್ದೆ? ಕೂಡ್ತದಾ ಅಂತ ನೋಡ್ದೆ. ನಾಳೆ ಯಾರಾರ ಕೇಳುದ್ರೆ ಸೂಜಿ ಆಕ್ದೋನು ನಾನು ತಾನೆ?"

ಶ್ಯಾನುಭೋಗರು ರಿಜಿಸ್ಟರನ್ನು ಎತ್ತಿಕೊಂಡು ಹೋದರು. ಅದು ಆಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಆದರೆ ಮುಂದೆ ಪತ್ರಿಕೆಯ ಕಚೇರಿಯಲ್ಲಿ ಕುಳಿತು, ಬೇರೆಯವರು ಬರೆದ ವರದಿಗಳನ್ನು ತಿದ್ದುವ ಕೆಲಸಕ್ಕೆ ತೊಡಗಿದಾಗ ನಾನು ಮಾಡಿದ್ದು ಅದನ್ನೇ. ಒಂದು ಪ್ಯಾರಾದ ಕೊನೆ, ಮುಂದಿನದರ ಮೊದಲು. ಕೂಡದಿದ್ದರೆ ಯಾರೋ ಏನನ್ನೋ ತೆಗೆದಿದ್ದಾರೆ ಎಂದರ್ಥ. ಈ ವಿದ್ಯೆಯನ್ನು ನನಗೆ ಕಲಿಸಿದವರು ಯಾವ ಸಂಪಾದಕರೂ ಅಲ್ಲ.

ಈಗ ಕಾದಂಬರಿಯ ವಿಷಯ. ವಾಚನಾಲಯಕ್ಕೆ ಬರುತ್ತಿದ್ದ ಒಂದು ಮಾಸಪತ್ರಿಕೆಯಲ್ಲಿ ಎರಡು ವರ್ಷ ಒಂದು ಕಾದಂಬರಿ ಧಾರಾವಾಹಿಯಾಗಿ ಬಂತು. ಅದರ ರೀತಿ ಹೊಸದು. ಒಂದು ತಿಂಗಳು ನೂರನಲವತ್ತು ವರ್ಷ ಹಿಂದಿನ ಕಥೆ; ಮರುತಿಂಗಳು ಈಗಿನ ಕಥೆ; ಅದರ ಮುಂದಿನ ತಿಂಗಳು ಮತ್ತೆ ಹಳೆಯದು. ಹಳೆಯ ಕಥೆಯಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣದ ಕಡೆ ನಡೆದ ಕಾಲ. ಊರು ಬಿಟ್ಟು ಓಡುತ್ತಿರುವ ಒಬ್ಬ ಹೆಂಗಸು ಜ್ವರದಲ್ಲಿರುವ ಹಸುಗೂಸನ್ನು ಹೊಳೆದಂಡೆಯ ಅಂಬಿಗರ ಮನೆಯಲ್ಲಿ ಬಿಡುತ್ತಾಳೆ. ತನ್ನ ಸೆರಗಿನ ಅರ್ಧ ಹರಿದು ಕೂಸಿಗೆ ಸುತ್ತುತ್ತಾಳೆ. ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗುತ್ತಾಳೆ, ಮತ್ತೆ ಬರಲಾಗುವುದಿಲ್ಲ. ಈಗಿನ ಕಥೆ ದಾದಿಯ ಕೆಲಸ ಕಲಿಯಲು ಪಟ್ಟಣದ ಆಸ್ಪತ್ರೆ ಸೇರಿದ ಒಬ್ಬ ಹುಡುಗಿಯದು. ಅವಳ ಮನೆಯಲ್ಲಿ ಒಂದು ಹಳೆಯ ಬಟ್ಟೆಯ ತುಂಡು ಇದೆ. ಹುಟ್ಟಿದ ಪ್ರತಿ ಕೂಸನ್ನೂ ಮೊದಲು ಅದರ ಮೇಲೆ ಮಲಗಿಸುವುದು ಆ ಮನೆಯ ವಾಡಿಕೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಅವಳು ಹುಡುಕಲು ಹೊರಡುತ್ತಾಳೆ.

ಪತ್ರಿಕೆ ಬಂದ ದಿನ ಯಾರು ಮೊದಲು ಓದುವುದೆಂದು ವಾಚನಾಲಯದಲ್ಲಿ ಜಗಳವಾಗುತ್ತಿತ್ತು. ಕಾದಂಬರಿ ಮುಗಿದ ಮೇಲೆ ಅದನ್ನೆಲ್ಲ ಕತ್ತರಿಸಿ ಒಂದು ಪುಸ್ತಕ ಮಾಡಿಸು ಎಂದು ಕಾರ್ಯದರ್ಶಿಗಳು ಹೇಳಿದರು. ನಾನು ಬಹಳ ಅಚ್ಚುಕಟ್ಟಾಗಿ ಕತ್ತರಿಸಿದೆ. ಪುಸ್ತಕ ಪುಸ್ತಕದಂತೆಯೇ ಕಾಣಬೇಕೆಂದು, ಪ್ರತಿ ಹಾಳೆಯ ಮೇಲಂಚಿನಲ್ಲಿದ್ದ ಪತ್ರಿಕೆಯ ಹೆಸರು, ತಿಂಗಳು, ಪುಟಸಂಖ್ಯೆ ಎಲ್ಲವನ್ನೂ ಕತ್ತರಿಸಿ ತೆಗೆದೆ. ಬಿಡಿಹಾಳೆಗಳ ಕಟ್ಟನ್ನು ಪುಟ್ಟಸ್ವಾಮಿಯವರ ಹಲಗೆಯ ಮೇಲಿಟ್ಟು ಮಂಡ್ಯಕ್ಕೆ ಹೋದೆ. ಮುಂದಿನ ಎಲ್ಲಕ್ಕೂ ಕಾರಣ ಆ ಅಚ್ಚುಕಟ್ಟು.

ವಾರದ ಮೇಲೆ ಹೋದಾಗ ಹಲಗೆಯ ಮೇಲೆ ಎರಡು ಪುಸ್ತಕಗಳಿದ್ದವು.

"ಪುಟ್ಟಸ್ವಾಮಣ್ಣ, ನಾನು ಕೊಟ್ಟದ್ದು ಒಂದು."

"ನೀನು ಕೊಟ್ಟದ್ದು ಎರಡು ಕಣಪ್ಪ. ಕಲಸಿ ತಂದಿದ್ದೆ. ಒಂದ್ ಪುಟ ಅರಿಗೋಲಲ್ಲಿ ನಿಲ್ತದೆ, ಮುಂದ್ಲ ಪುಟದಾಗೆ ರೈಲು ಬತ್ತದೆ. ಕೂಡಾದೇ ಇಲ್ಲ. ಮೇಷ್ಟ್ರ ಮಗ, ಕತ್ರಿ ಇಡ್ಯಾಕೆ ಬರ್ನಿಲ್ವಲ್ಲ ನಿಂಗೆ ಅಂತ ಬೈಕಂಡು ಎರಡೂ ಬೇರೆ ಮಾಡ್ದೆ. ಅಳೇದೆಲ್ಲ ಒಂದ್ಕಡೆ, ಒಸದೆಲ್ಲ ಒಂದ್ಕಡೆ. ಆಮೇಲೆ ನೋಡು, ಎಂಗ್ ಕೂಡ್ಕತು."

ಸರಿಯಾಗಿಯೇ ಕೂಡಿತ್ತು. ಹಳೆಯ ಕಥೆಯೆಲ್ಲ ಒಂದು ರಟ್ಟಿನೊಳಗೆ, ಹೊಸ ಕಥೆಯೆಲ್ಲ ಇನ್ನೊಂದು ರಟ್ಟಿನೊಳಗೆ. ನನಗೆ ನಗು ಬಂತು. ನಗುತ್ತ ಒಳಬಾಗಿಲ ಕಡೆ ನೋಡಿದೆ. ನಿಂಗಮ್ಮ ಅಲ್ಲಿರಲಿಲ್ಲ. ಎರಡನೆಯ ಪುಸ್ತಕದ ಹೊಲಿಗೆ ಅಂಕುಡೊಂಕಾಗಿತ್ತು.

"ಅದು ನಾನೇ ಒಲ್ದಿದ್ದು. ಅವಳು ಸೂಜಿ ಮುಟ್ಟಿ ನಾಕು ದಿನ ಆಯ್ತು" ಎಂದರು ಪುಟ್ಟಸ್ವಾಮಿ. ದನಿ ತಗ್ಗಿಸಿ, "ನಿನ್ನ ಪುಸ್ತಕ ನನ್ನ ಮನೆ ಒಲೆ ಆರಿಸ್ತು ಕಣಪ್ಪ" ಎಂದರು.

ಅವರು ಹೇಳಿದ್ದಿಷ್ಟು. ಮಹಾಯುದ್ಧ ಮುಗಿದ ವರ್ಷದ ಜ್ವರದಲ್ಲಿ, ಊರೂರೇ ಮಲಗಿದ್ದಾಗ, ನಿಂಗಮ್ಮನಿಗೂ ಜ್ವರ ಬಂತು. ಮಡಿಲಲ್ಲಿ ಮೂರು ತಿಂಗಳ ಹೆಣ್ಣು ಕೂಸು. ಮಳವಳ್ಳಿಯಲ್ಲಿದ್ದ ನಿಂಗಮ್ಮನ ತಂಗಿಗೆ ಮಕ್ಕಳಿರಲಿಲ್ಲ. ಅವಳು ಗಾಡಿ ಕಟ್ಟಿಸಿಕೊಂಡು ಬಂದು ಕೂಸನ್ನು ಎತ್ತಿಕೊಂಡು ಹೋದಳು. ನಿಂಗಮ್ಮ ಎದ್ದು ಓಡಾಡುವ ಹೊತ್ತಿಗೆ ವರ್ಷ ತುಂಬಿತ್ತು. ಕೂಸು ತಂಗಿಯನ್ನೇ ಅವ್ವ ಎನ್ನುತ್ತಿತ್ತು. ಮಗುವಿಗೆ ಯಾವತ್ತೂ ಹೇಳಬಾರದು ಎಂದು ಮಾತು ಕೊಡಿ ಎಂದಳು ತಂಗಿ. ಪುಟ್ಟಸ್ವಾಮಿ ಕೊಟ್ಟರು. ಆಮೇಲೆ ಇವರಿಗೆ ಮಕ್ಕಳಾಗಲಿಲ್ಲ. ನೀಲಮ್ಮ ಎಂಬ ಆ ಹುಡುಗಿ ನಿಂಗಮ್ಮನನ್ನು ದೊಡ್ಡವ್ವ ಎಂದೇ ಕರೆಯುತ್ತ ಬೆಳೆದಳು. ಈಗ ಅವಳ ಮದುವೆ, ಇನ್ನು ಹನ್ನೆರಡು ದಿನ. ಹುಡುಗ ಜಲಪಾತದ ಬಳಿಯ ಬ್ಲಫ್ ಎಂಬ ಊರಿನಲ್ಲಿ, ನೀರಿನಿಂದ ಕರೆಂಟು ತೆಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಾವನಾಗಬೇಕಿದ್ದ ಪುಟ್ಟಸ್ವಾಮಿ ಒಂದೇ ಒಂದು ಸಲ ಹುಡುಗನನ್ನು ದೂರದಿಂದ ನೋಡಿ ಬಂದಿದ್ದರು.

"ಓಗಾನ ಅಂತಿದ್ಲು. ಸೀರೆ ಎಲ್ಲ ತೆಗೆದಿಟ್ಟಿದ್ಲು. ಆಳೆ ಕೂಡ್ಲಿಲ್ಲ ಅಂತ ನಾನು ಆ ಅಳೇ ಕತೆ ಅಷ್ಟೂ ಓದ್ದೆ ನೋಡು, ಅವಳು ಕೂತ್ಕಂಡು ಕೇಳುದ್ಲು. ಕೊನೇಲಿ ಆ ಎಂಗಸು ಆಚೆ ದಡದಾಗೆ ಸಾಯ್ತಾಳಲ್ಲ, ಮಗ ಇತ್ತೋ ಓಯ್ತೋ ಅಂತ ತಿಳೀದೆ. ಅವತ್ತಿಂದ ಹಿಂಗೆ. 'ಮಗನ್ನ ಬುಟ್ಕೊಟ್ಟೋಳಿಗೆ ಮದ್ವೆ ಊಟ ಏನ್ ಕೇಡು. ನಾನು ಬರಾಕಿಲ್ಲ' ಅಂತಾಳೆ."

"ಎರಡನೇ ಪುಸ್ತಕ ಓದಿ ಹೇಳಲಿಲ್ವ?"

"ಅದು ಬೇರೆ ಕತೆ ತಾನೆ? ಎಲ್ಲ ಸರ್ಯಾಗಿ ಕೂಡ್ತು. ಕೊನೆ ಸಾಲು, ಮೊದ್ಲ ಸಾಲು ನೋಡಿ ಕಟ್ಬುಟ್ಟೆ."

ಎರಡೂ ಒಂದೇ ಕಾದಂಬರಿ, ತಿಂಗಳು ಬಿಟ್ಟು ತಿಂಗಳು ಬಂದದ್ದು, ಗುರುತು ಕತ್ತರಿಸಿದವನು ನಾನು ಎಂದು ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಆ ಮಗ ಬದುಕ್ತಾ?"

"ಬದುಕಿತು ಪುಟ್ಟಸ್ವಾಮಣ್ಣ. ಈ ದಾದಿ ಹುಡುಗಿ ಆ ಮಗುವಿನ ವಂಶದವಳು."

ಅವರು ಎದ್ದು ಒಳಗೆ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ದಬ್ಬಳ ತೆಗೆದುಕೊಂಡು ಎರಡೂ ಪುಸ್ತಕಗಳ ಹೊಲಿಗೆ ಬಿಚ್ಚತೊಡಗಿದರು. "ನಾನು ಏಳುದ್ರೆ, ಸಮಾಧಾನಕ್ಕೆ ಏಳ್ತಾವ್ನೆ ಅಂತಾಳೆ. ಓದಾದೇ ಸರಿ. ಯಾವ್ದಾದ್ಮೇಲೆ ಯಾವ್ದು ಅಂತ ನಿಂಗೆ ಗೊತ್ತಲ್ಲ, ದಿನಾ ಮಧ್ಯಾಹ್ನ ಬಾ" ಎಂದರು.

ಹೀಗೆ ಊಟದ ನಂತರ ಅಂಗಡಿಯ ಒಂದು ಬಾಗಿಲು ಹಾಕಿ, ಒಂದು ಬಾಗಿಲು ತೆರೆದು, ಆರು ಮಧ್ಯಾಹ್ನ ನಾವು ಕಾದಂಬರಿ ಓದಿದೆವು. ನಾನು ಹಾಳೆ ಜೋಡಿಸಿ ಕೊಡುವೆ, ಅವರು ಓದುವರು. ನಡುವಿನ ಸಾಲು ಓದುವ ವಾಡಿಕೆಯೇ ಇಲ್ಲದವರು ಈಗ ಒಂದಕ್ಷರ ಬಿಡುತ್ತಿರಲಿಲ್ಲ. ಜಾಹೀರಾತಿನ ತುಂಡೊಂದು ಅಂಚಿನಲ್ಲಿ ಉಳಿದಿದ್ದರೆ ಅದನ್ನೂ ಓದುವರು. ಮೊದಲ ದಿನ ಒಳಗಿನಿಂದ ನಿಂಗಮ್ಮನವರ ದನಿ ಬಂತು. "ಅದೇ ಗೋಳು ಯಾಕೆ ತಿರ್ಗ? ನಿಮ್ಗೆ ಬೇರೆ ಕ್ಯಾಮೆ ಇಲ್ವ?"

"ಮೇಷ್ಟ್ರ ಮಗ ತಪ್ಪು ಆಳೆ ತಂದಿದ್ದ. ಸರಿ ಮಾಡ್ತಾವ್ನೆ. ನೀನು ಕೇಳ್ಬ್ಯಾಡ."

ಕೇಳಬೇಡ ಎಂದದ್ದು ಕೆಲಸ ಮಾಡಿತು. ಎರಡನೆಯ ದಿನ ಅವರು ಒಳಬಾಗಿಲಿಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಕೂತರು. ದಾದಿ ಹುಡುಗಿ ರೈಲಿನಿಂದ ಇಳಿದಾಗ, "ಇದ್ಯಾರ ಮನೆ ಉಡುಗಿ? ಒಬ್ಬಳೇ ಕಳ್ಸವ್ರಲ್ಲ" ಎಂದರು. ಅವಳಿಗೆ ಆಸ್ಪತ್ರೆಯಲ್ಲಿ ಮೇಲಿನವರು ಗದರಿದಾಗ, "ಬಾಯಿ ಇಲ್ವ ಇವ್ಳಿಗೆ?" ಎಂದರು. ಮೂರನೆಯ ದಿನದ ಓದಿನಲ್ಲಿ ಹುಡುಗಿ ಊರಿಗೆ ಬರುತ್ತಾಳೆ, ಅತ್ತಿಗೆ ಹೆತ್ತಿರುತ್ತಾಳೆ, ಅಜ್ಜಿ ಪೆಟ್ಟಿಗೆಯಿಂದ ಬಟ್ಟೆಯ ತುಂಡು ತೆಗೆದು ಕೂಸಿನಡಿ ಹಾಸುತ್ತಾಳೆ. ಒಂದು ಕಡೆ ಅಂಚಿದೆ, ಒಂದು ಕಡೆ ಹರಿದಿದೆ.

"ನಿಲ್ಸಿ" ಎಂದರು ನಿಂಗಮ್ಮ. "ಅರೆ ಸೆರಗಾ ಅದು? ಇನ್ನೊಂದ್ ಸಲ ಓದಿ."

ಪುಟ್ಟಸ್ವಾಮಿ ಓದಿದರು. ಆ ಹೊತ್ತಿಗೆ ನಿಂಗಮ್ಮ ನಮ್ಮ ಕಡೆ ತಿರುಗಿದ್ದರು.

"ಇವು ಎರಡಲ್ಲ ಕಣ್ರಿ, ಒಂದೇ ಕತೆ. ಆ ಮಗಿನ ಮನೇರು ಇವ್ರು. ಅದು ಬದುಕ್ತು. ಮಕ್ಳು ಮರಿ ಎಲ್ಲ ಆದೊ."

"ಅಂಗಂತೀಯ?" ಎಂದರು ಪುಟ್ಟಸ್ವಾಮಿ, ಏನೂ ತಿಳಿಯದವರಂತೆ.

"ಅಂಗೇ. ಓದಿ ಮುಂದ್ಕೆ."

ಮುಂದಿನದು ಹಳೆಯ ಕಥೆ. ತಾಯಿ ಆಚೆ ದಡದಲ್ಲಿ ಕೂತು ಈಚೆ ನೋಡುತ್ತಿರುವ ಅಧ್ಯಾಯ. ಹಳೆಯ ಕಥೆಯೊಂದನ್ನೇ ಒಂದೇ ಸಮನೆ ಓದಿದಾಗ ನಿಂಗಮ್ಮನನ್ನು ಹಾಸಿಗೆ ಹಿಡಿಸಿದ್ದು ಇಂಥ ಅಧ್ಯಾಯಗಳೇ. ಪುಟ್ಟಸ್ವಾಮಿಯವರು ಸಾಲು ಸಾಲಿಗೂ ತಡೆದು ಓದಿದರು. ನಿಂಗಮ್ಮ ಮಾತ್ರ ಆ ಹೆಂಗಸಿನೊಡನೆಯೇ ಮಾತಾಡಿದರು. "ಅಳಬ್ಯಾಡ ಕಣಮ್ಮ, ಚೆನ್ನಾಗವ್ರೆ." ಮಾತಾಡುತ್ತಲೇ ಮೂಲೆಯಲ್ಲಿದ್ದ ದಾರದ ಉಂಡೆ ಎಳೆದುಕೊಂಡು ಮೇಣ ಸವರತೊಡಗಿದರು. ಅದುವರೆಗೆ ಆ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೆ. ಲೇಖಕರು ಎರಡು ಕಾಲವನ್ನು ಯಾಕೆ ಹೆಣೆದರು ಎಂಬುದು ನನಗೆ ಅರ್ಥವಾದದ್ದು ಆಗ. ತಾಯಿಗೆ ತಿಳಿಯದ್ದು ಓದುವವರಿಗೆ ತಿಳಿಯಲಿ ಎಂದು.

ಆರನೆಯ ಮಧ್ಯಾಹ್ನ ಕೊನೆಯ ಕಂತು. ದಾದಿ ಹುಡುಗಿ ಹೊಳೆದಂಡೆಯನ್ನು ಗುರುತಿಸುತ್ತಾಳೆ. ಆದರೆ ಆ ತಾಯಿಯ ಹೆಸರು ಕೊನೆಗೂ ಸಿಗುವುದಿಲ್ಲ. ಬಂದ ದಾರಿಯಲ್ಲಿ ಕೆಲಸಕ್ಕೆ ಮರಳುತ್ತಾಳೆ. ಓದು ಮುಗಿದಾಗ ಪುಟ್ಟಸ್ವಾಮಿಯವರು ಹೆಂಡತಿಯ ಮುಖ ನೋಡಿದರು. "ಎಸ್ರೇ ತಿಳೀನಿಲ್ವಲ್ಲ" ಎಂದರು.

"ಅವಳಿಗೆ ಎಸರು ಏನಕ್ಕೆ?" ಎಂದರು ನಿಂಗಮ್ಮ. "ಎತ್ತೋಳಿಗೆ ಬೇಕಾದ್ದು ಎಸರಲ್ಲ. ಮಗ ಸುಖವಾಗೈತಾ ಅಂತ ಒಂದ್ಸಲ ನೋಡ್ಬೇಕು, ಅಷ್ಟೆ. ಪಾಪ, ಅವಳಿಗೆ ಒಳೆ ಅಡ್ಡ ಆಯ್ತು. ನಂಗೇನು, ಮಳವಳ್ಳಿ ಎಷ್ಟು ದೂರ?"

ಅಷ್ಟು ಹೇಳಿ ಹಾಳೆಗಳನ್ನೆಲ್ಲ ತಮ್ಮ ಮುಂದಕ್ಕೆ ಎಳೆದುಕೊಂಡು ಹೊಲಿಯಲು ಕುಳಿತರು.

ಪುಸ್ತಕ ಚೆನ್ನಾಗಿ ಬರಲಿಲ್ಲ. ಎರಡು ಸಲ ಚುಚ್ಚಿದ ಅಂಚು. ಒಳಗಿನ ಅಕ್ಷರ ಕಾಣಬೇಕಾದರೆ ಪುಸ್ತಕವನ್ನು ಎರಡೂ ಕೈಯಲ್ಲಿ ಬಗ್ಗಿಸಿ ಹಿಡಿಯಬೇಕಿತ್ತು. ಕಾರ್ಯದರ್ಶಿಗಳು ಸಿಟ್ಟಾಗಿ ನನ್ನನ್ನೂ ಪುಟ್ಟಸ್ವಾಮಿಯವರನ್ನೂ ಕರೆಸಿದರು. ಹೀಗೇಕಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಪುಟ್ಟಸ್ವಾಮಿ, "ಆಳೆ ಕಲಸಿದ್ದು ನಾನು ಸ್ವಾಮಿ. ಅವನದೇನಿಲ್ಲ" ಎಂದರು. ಎಂದೂ ಹಾಳೆ ಕಲಸದ ಮನುಷ್ಯ. ಹೊರಗೆ ಬಂದ ಮೇಲೆ ಯಾಕೆ ಹಾಗಂದಿರಿ ಎಂದೆ. "ನೀನು ಕತ್ರಿ ಆಡಿಸ್ದೆ ಇದ್ದಿದ್ರೆ ನಾನು ಅದ್ನ ಓದ್ತಾನೇ ಇರ್ಲಿಲ್ಲ ಕಣಪ್ಪ" ಎಂದರು. ಅವರ ಮಾತಿನಿಂದ ನನ್ನ ಕೆಲಸ ಉಳಿಯಿತು. ಅಲ್ಲಿ ಉಳಿದಿದ್ದರಿಂದಲೇ ಪತ್ರಿಕೆಗಳ ಚಟ ಹತ್ತಿ ಮುಂದಿನ ದಾರಿ ಸಿಕ್ಕಿತು.

ಮದುವೆಗೆ ನಾನು ಹೋಗಿರಲಿಲ್ಲ. ಇದು ಪುಟ್ಟಸ್ವಾಮಿ ಹೇಳಿದ್ದು. ನಿಂಗಮ್ಮ ಚಪ್ಪರದ ಕಂಬದ ಹಿಂದೆಯೇ ನಿಂತಿದ್ದರಂತೆ. ಮದುಮಗಳಿಗೆ ಮಡಿಲು ತುಂಬುವಾಗ ಒಬ್ಬೊಬ್ಬರಾಗಿ ಮುತ್ತೈದೆಯರು ಬಂದರು. ನೀಲಮ್ಮ ತಲೆ ಎತ್ತಿ, "ದೊಡ್ಡವ್ವ ಎಲ್ಲಿ? ದೊಡ್ಡವ್ವ ಬರ್ಲಿ" ಎಂದಳಂತೆ. ತಂಗಿಯೇ ಬಂದು ನಿಂಗಮ್ಮನ ಕೈ ಹಿಡಿದು ಕರೆದುಕೊಂಡು ಹೋದಳಂತೆ. "ಅಕ್ಕಿ ಆಕುದ್ಲು ಕಣಪ್ಪ. ಒಂದ್ ಕಾಳು ಕೆಳಕ್ ಬೀಳ್ನಿಲ್ಲ" ಎಂದು ಪುಟ್ಟಸ್ವಾಮಿ ಎರಡು ಸಲ ಹೇಳಿದರು.

ಆಮೇಲೆ ನಿಂಗಮ್ಮ ವರ್ಷಕ್ಕೆ ಮೂರು ನಾಲ್ಕು ಸಲ ಬ್ಲಫ್‌ಗೆ ಹೋಗಿ ಬರುತ್ತಿದ್ದರು. ಬಂದ ಮೇಲೆ ವರದಿ ಹೇಳುವರು. ಮನೆಯಲ್ಲಿ ಕರೆಂಟು ದೀಪ ಇದೆ, ಗಂಡ ಮಾತು ಕಮ್ಮಿ, ಮೊದಲನೆಯದು ಗಂಡು. ಪುಟ್ಟಸ್ವಾಮಿ ಅವರಿಗೆ ಸೂಜಿ ಪೋಣಿಸಿ ಕೊಡುತ್ತ ಕೇಳುವರು. ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಸೇರಿ ಊರು ಬಿಟ್ಟೆ. ವರ್ಷಕ್ಕೊಮ್ಮೆ ಬಂದಾಗ ಅಂಗಡಿಯ ಮುಂದೆ ಕೂರುತ್ತಿದ್ದೆ. ಒಂದು ವರ್ಷ ಒಳಬಾಗಿಲಲ್ಲಿ ಯಾರೂ ಇರಲಿಲ್ಲ. ನಿಂಗಮ್ಮ ನೀಲಮ್ಮನ ಮನೆಯಲ್ಲೇ, ಅವಳ ಕೈಯಿಂದ ಗಂಜಿ ಕುಡಿದು ತೀರಿಕೊಂಡರು ಎಂದರು ಪುಟ್ಟಸ್ವಾಮಿ. ಪುಟ್ಟಸ್ವಾಮಿಯವರನ್ನು ನಾನು ನೋಡಿದ್ದು ಅದೇ ಕೊನೆ.

ನಡುವೆ ಒಂದು ವರ್ಷ ಬರಲಾಗದೆ, ಅದಾಗಿ ಎರಡು ವರ್ಷಕ್ಕೆ ಹೋದಾಗ ಅಂಗಡಿಯ ಬಾಗಿಲು ತೆರೆದಿತ್ತು. ನಲವತ್ತರ ಸಮೀಪದ ಹೆಂಗಸೊಬ್ಬಳು ರಟ್ಟುಗಳನ್ನು ಕಟ್ಟು ಕಟ್ಟುತ್ತಿದ್ದಳು. ನಾನು ಹೆಸರು ಹೇಳಿದೆ. "ಪೇಪರಿನೋರಾ? ಬನ್ನಿ. ನಾನು ನೀಲಮ್ಮ. ಅವ್ರು ಓಗಿ ಮೂರು ತಿಂಗಳಾಯ್ತು" ಎಂದಳು. ಒಳಗಿಂದ ನೀರು ತಂದು ಕೊಟ್ಟಳು. ನಾನು ಎಚ್ಚರಿಕೆಯಿಂದ, "ನಿಮ್ಮ ದೊಡ್ಡಪ್ಪನವರು ನನಗೆ ಬಹಳ ಮಾಡಿದ್ದಾರಮ್ಮ" ಎಂದೆ.

ಅವಳು ಕಟ್ಟುತ್ತಿದ್ದ ಹುರಿಯನ್ನು ಬಿಟ್ಟು ನನ್ನನ್ನು ನೋಡಿದಳು. "ನಿಮ್ಗೂ ಗೊತ್ತು ಅಂತ ಕಾಣ್ತದೆ. ನಂಗೂ ಗೊತ್ತು ಸ್ವಾಮಿ. ಮದ್ವೆ ಮುಂಚೆ ನಮ್ಮವ್ವನೇ ಏಳುದ್ಲು."

"ನಿಮಗೆ ಗೊತ್ತು ಅಂತ ಅವರಿಬ್ಬರಿಗೂ ಯಾಕಮ್ಮ ಹೇಳಲಿಲ್ಲ?"

"ಏಳುದ್ರೆ ಮಾತು ಮುರಿದಂಗಾಯ್ತದೆ ಅಂತ ಬರಾದೇ ಬುಡೋರು. ದೊಡ್ಡವ್ವ ಬರೋಳು, ನನ್ನ ಕಣ್ತುಂಬ ನೋಡೋಳು, ನೆಮ್ದಿಯಾಗಿ ಓಗೋಳು. ನಮ್ಮವ್ವನೂ ನೆಮ್ದಿಯಾಗಿದ್ಲು. ನಾನ್ಯಾಕೆ ಕೆಡಿಸ್ಲಿ?"

ಮಳವಳ್ಳಿಯ ತಾಯಿ ತೀರಿಕೊಂಡು ವರ್ಷವಾಗಿತ್ತೆಂದು ಅವಳೇ ಹೇಳಿದಳು. ಬಾಗಿಲು ಹಾಕಿ, ಬೀಗ ಎಳೆದು ನೋಡಿದಳು. ಬಸ್ಸಿನ ಹೊತ್ತಾಗಿತ್ತು, ಇಬ್ಬರೂ ನಡೆದೆವು. ಬಸ್ಸು ಬಂದಾಗ ಹತ್ತುವ ಮುಂಚೆ ನಿಂತು ಹೇಳಿದಳು: "ನೀವು ಬರೆಯೋರು. ಎಲ್ಲಾರ ಬರುದ್ರೆ ದೊಡ್ಡಪ್ಪ ಅಂತ ಬರೀಬ್ಯಾಡಿ. ಈಗ ಯಾರ ಮನ್ಸೂ ನೋಯಾಕಿಲ್ಲ."

ಬಹಳ ವರ್ಷ ಬರೆಯಲಿಲ್ಲ. ಈಗ ದಾಖಲಿಸುತ್ತಿದ್ದೇನೆ. ಮದ್ದೂರಿನ ಪುಸ್ತಕ ಕಟ್ಟುವ ಪುಟ್ಟಸ್ವಾಮಿಯವರಿಗೂ ಅವರ ಹೆಂಡತಿ ನಿಂಗಮ್ಮನವರಿಗೂ ಒಬ್ಬಳು ಮಗಳಿದ್ದಳು. ಹೆಸರು ನೀಲಮ್ಮ.